ಹಳೆಯ ಫೋನಿಗೆ ‘ಸಪೋರ್ಟ್ ಇಲ್ಲ’ ಎಂದರೆ ಸಾಲದು, ಕಾರಣ ಬರೆದುಕೊಡಿ

ಸಂಪಾದಕರಿಗೆ,

ಮಾನ್ಯರೇ,

ಡಿಸ್ಪ್ಲೇ ಒಡೆದಿಲ್ಲ, ಬ್ಯಾಟರಿ ಉಬ್ಬಿಲ್ಲ, ಚಾರ್ಜಿಂಗ್ ಪಿನ್ ಸಡಿಲಾಗಿಲ್ಲ. ಆದರೂ ನಾಲ್ಕು ವರ್ಷದ ಫೋನು ‘ಹಳೇದು’ ಎನಿಸಿಕೊಂಡು ಮೂಲೆ ಸೇರುತ್ತಿದೆ. ಹೊಸ ಸಾಫ್ಟ್‌ವೇರ್‌ನ ಸೌಲಭ್ಯ ಅದಕ್ಕೆ ಬರುವುದಿಲ್ಲ ಎಂಬುದಷ್ಟೇ ಅದರ ತಪ್ಪು. ಯಾಕೆ ಬರುವುದಿಲ್ಲ ಎಂದು ಕೇಳಿದರೆ ‘ನಿಮ್ಮ ಮಾಡೆಲ್‌ಗೆ ಸಪೋರ್ಟ್ ಇಲ್ಲ’ ಎಂಬ ಒಂದು ಸಾಲು ಸಿಗುತ್ತದೆ. ಅಲ್ಲಿಗೆ ಮಾತು ಮುಗಿಯಿತು. ಈ ‘ಇಲ್ಲ’ದೊಳಗೆ ನಿಜಕ್ಕೂ ಆಗದ್ದು ಯಾವುದು, ಕೊಡಲು ಮನಸ್ಸಿಲ್ಲದ್ದು ಯಾವುದು ಎಂದು ಬಿಡಿಸಿ ಹೇಳುವುದು ಮೊಬೈಲ್ ರಿಪೇರಿ ಕಸುಬಿನ ನಮ್ಮಂಥವರಿಗೆ ಸಾಧ್ಯ. ಅದಕ್ಕೇ ಈ ಪತ್ರ. ತುಸು ಉದ್ದವಾಗಿದೆ, ಮನ್ನಿಸಬೇಕು.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಇದು ಷೋಕಿಯ ವಿಷಯವಲ್ಲ. ವೈಫೈ ಕಾಲಿಂಗ್ ಎಂಬ ಒಂದೇ ಸೌಲಭ್ಯ ತೆಗೆದುಕೊಳ್ಳಿ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆಯ ಅಡಿಕೆ ತೋಟದ ಮನೆಗಳು ಇರುವುದೇ ತಗ್ಗಿನಲ್ಲಿ. ಟವರು ಗುಡ್ಡದ ಆಚೆ. ಎಷ್ಟೋ ಮನೆಗಳಿಗೆ ಫೈಬರ್ ಕೇಬಲ್ ಬಂದಿದೆ, ವೈಫೈ ಇದೆ, ವಾಟ್ಸ್‌ಆ್ಯಪ್ ಸಲೀಸಾಗಿ ಓಡುತ್ತದೆ. ಆದರೆ ಮಾಮೂಲಿ ಕರೆಗೆ, ಬ್ಯಾಂಕಿನ ಒಟಿಪಿಗೆ ಫೋನ್ ಹಿಡಿದು ದಿಬ್ಬ ಹತ್ತಬೇಕು. ಮಳೆಗಾಲದಲ್ಲಿ ಅದೂ ಇಲ್ಲ. ವೈಫೈ ಕಾಲಿಂಗ್ ಇದ್ದರೆ ಅದೇ ನಂಬರಿನಿಂದ, ಬೇರೆ ಆ್ಯಪ್ ಇಲ್ಲದೆ, ಮನೆಯ ವೈಫೈ ಮೇಲೆ ಮಾಮೂಲಿ ಕರೆ ಹೋಗುತ್ತದೆ, ಬರುತ್ತದೆ. ಸಾಮಾನ್ಯವಾಗಿ ಎಸ್‌ಎಂಎಸ್ ಕೂಡ ಅದರಲ್ಲೇ ಬರುತ್ತದೆ.

ಇದು ನಡೆಯುವ ಬಗೆ ಹೀಗಿದೆ. ಫೋನು ಇಂಟರ್ನೆಟ್ ಮೂಲಕವೇ ಟೆಲಿಕಾಂ ಕಂಪನಿಯ ಗೇಟ್‌ವೇವರೆಗೆ ಒಂದು ಭದ್ರವಾದ ಗುಪ್ತ ದಾರಿ ಮಾಡಿಕೊಳ್ಳುತ್ತದೆ, ಸಿಮ್ಮಿನ ಗುರುತು ತೋರಿಸಿ ಒಳಗೆ ಹೋಗುತ್ತದೆ. ಆಮೇಲೆ ವೋಲ್ಟಿ ಕರೆ, ಅಂದರೆ 4ಜಿ ಜಾಲದ ಮೇಲೆಯೇ ಹೋಗುವ ಕರೆ, ಸಾಗುವ ವ್ಯವಸ್ಥೆಯಲ್ಲೇ ಈ ಕರೆಯೂ ಸಾಗುತ್ತದೆ. ಬೇರೆ ಆಂಟೆನಾ ಬೇಡ. ಬೇಕಾಗುವುದು ಫೋನಿನ ಒಳಗಿನ ಮೂಲ ಸಾಫ್ಟ್‌ವೇರ್ ಆದ ಫರ್ಮ್‌ವೇರ್‌ನಲ್ಲಿ ಆಯಾ ಟೆಲಿಕಾಂ ಕಂಪನಿಯ ಪ್ರೊಫೈಲ್: ಗೇಟ್‌ವೇಯ ವಿಳಾಸ, ಸಿಗ್ನಲ್ ಎಷ್ಟು ಇಳಿದಾಗ ವೈಫೈಗೆ ಹೊರಳಬೇಕು ಎಂಬ ಲೆಕ್ಕ, ಇನ್ನೊಂದಿಷ್ಟು ಸೆಟ್ಟಿಂಗ್. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೊ 2020ರ ಜನವರಿಯಲ್ಲಿ ಈ ಸೇವೆ ಆರಂಭಿಸಿದಾಗ, ಅದಕ್ಕೂ ಮೊದಲೇ ಮಾರಾಟವಾಗಿದ್ದ ಅನೇಕ ಮಾಡೆಲ್‌ಗಳಿಗೆ ಬರೀ ಒಂದು ಅಪ್‌ಡೇಟ್‌ನಿಂದ ಇದು ಬಂತು. ಉಳಿದವಕ್ಕೆ ಬರಲೇ ಇಲ್ಲ. ಬಾರದ ಮಾಡೆಲ್‌ಗಳಲ್ಲಿ ಹಲವು ವೋಲ್ಟಿ ಕರೆ ಮಾಡಬಲ್ಲ ಸೆಟ್ಟುಗಳೇ. ಬಾವಿಯಲ್ಲಿ ನೀರಿದೆ, ಹಗ್ಗ ಮಾತ್ರ ಕೊಡೆವು ಎಂದಂತಾಯಿತು.

ಸಾಕ್ಷಿ ಬೇಕೆಂದರೆ ಶಿಯೋಮಿಯ ಹಲವು ಫೋನುಗಳಲ್ಲಿದೆ. ಡಯಲ್ ಪ್ಯಾಡಿನಲ್ಲಿ *#*#869434#*#* ಒತ್ತಿದರೆ ವೈಫೈ ಕಾಲಿಂಗ್‌ಗೆ ಇರುವ ಕ್ಯಾರಿಯರ್ ತಪಾಸಣೆ (ಈ ಟೆಲಿಕಾಂ ಕಂಪನಿಗೆ ಅನುಮತಿ ಇದೆಯೇ ಎಂಬ ಪರೀಕ್ಷೆ) ನಿಲ್ಲುತ್ತದೆ. ಸೆಟ್ಟಿಂಗ್ಸ್‌ನ ಸಿಮ್ ವಿಭಾಗದಲ್ಲಿ ಅದುವರೆಗೆ ಕಾಣದಿದ್ದ ಸ್ವಿಚ್ ಕಾಣಿಸಿಕೊಳ್ಳುತ್ತದೆ. ವೋಲ್ಟಿಗೆ ಇಂಥದೇ ಕೋಡ್ *#*#86583#*#*. ಮತ್ತೊಮ್ಮೆ ಅದನ್ನೇ ಒತ್ತಿದರೆ ಮೊದಲಿನಂತಾಗುತ್ತದೆ. ಇದು ಎಲ್ಲ ಮಾಡೆಲ್‌ನಲ್ಲಿ ನಡೆಯುವುದಿಲ್ಲ. ಒಳಗೆ ಪ್ರೊಫೈಲೇ ಇಲ್ಲದಿದ್ದರೆ ಸ್ವಿಚ್ ಬಂದರೂ ಕರೆ ಹೋಗುವುದಿಲ್ಲ. ಆದರೆ ನಡೆದ ಕಡೆ ಒಂದು ಸಂಗತಿ ಖಚಿತವಾಗುತ್ತದೆ: ತಡೆ ಇದ್ದದ್ದು ಯಂತ್ರದಲ್ಲಲ್ಲ, ಪಟ್ಟಿಯಲ್ಲಿ.

ನಿಮ್ಮ ಫೋನಿನಲ್ಲಿ ಈ ಸೌಲಭ್ಯ ಇದೆಯೇ, ಇದ್ದರೆ ನಡೆಯುತ್ತದೆಯೇ ಎಂದು ನೋಡಲು ಅಂಗಡಿಗೆ ಬರಬೇಕಾಗಿಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ವೈಫೈ ಕಾಲಿಂಗ್’ ಎಂದು ಹುಡುಕಿ ಆನ್ ಮಾಡಿ. ಏರೋಪ್ಲೇನ್ ಮೋಡ್ ಹಾಕಿ, ಅದರ ಮೇಲೆ ವೈಫೈ ಮಾತ್ರ ಆನ್ ಮಾಡಿ, ಒಂದೆರಡು ನಿಮಿಷ ಬಿಟ್ಟು ಕರೆ ಮಾಡಿ. ಕರೆ ಹೋದರೆ ಎಲ್ಲ ಸರಿಯಿದೆ. ಏರೋಪ್ಲೇನ್ ಮೋಡಿನಲ್ಲಿ ಹೋಗುತ್ತದೆ, ಮಾಮೂಲಿಯಲ್ಲಿ ಕಟ್ ಆಗುತ್ತದೆ ಎಂದಾದರೆ ಕಾರಣ ಅರ್ಧ ಕಡ್ಡಿ ಸಿಗ್ನಲ್: ಫೋನು ಟವರಿಗೂ ವೈಫೈಗೂ ನಡುವೆ ಓಲಾಡುತ್ತಿರುತ್ತದೆ. ಸೆಟ್ಟಿಂಗ್‌ನಲ್ಲಿ ‘ವೈಫೈಗೆ ಆದ್ಯತೆ’ ಎಂಬ ಆಯ್ಕೆ ಇದ್ದರೆ ಅದನ್ನು ಹಾಕಿ. ಏರೋಪ್ಲೇನ್ ಮೋಡಿನಲ್ಲೂ ಹೋಗದಿದ್ದರೆ ಮೊದಲು ಬೇರೆ ವೈಫೈನಲ್ಲಿ ಪರೀಕ್ಷಿಸಿ. ಅಲ್ಲಿ ಹೋದರೆ ತಪ್ಪು ನಿಮ್ಮ ರೂಟರಿನದೋ ಇಂಟರ್ನೆಟ್ ಸಂಪರ್ಕದ್ದೋ ಇರಬೇಕು. ಈ ಗುಪ್ತ ದಾರಿ ಬಳಸುವ ಬಾಗಿಲುಗಳಾದ ಯುಡಿಪಿ 500 ಮತ್ತು 4500 ಪೋರ್ಟ್‌ಗಳನ್ನು ರೂಟರಿನ ಫೈರ್‌ವಾಲ್ ತಡೆದಿರಬಹುದು. ಇನ್ನೊಂದು ಮಾತು: ಕರೆಂಟ್ ಹೋದರೆ ರೂಟರೂ ಹೋಯಿತು, ಕರೆಯೂ ಹೋಯಿತು. ರೂಟರ್, ಫೈಬರ್ ಪೆಟ್ಟಿಗೆಗಳು ಬಹುಮಟ್ಟಿಗೆ 12 ವೋಲ್ಟಿನವು. ಅಡಾಪ್ಟರಿನ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿಕೊಂಡು ಹೊಂದುವ ಮಿನಿ ಯುಪಿಎಸ್ ಇಡುವುದು ನಮ್ಮ ಮಳೆಗಾಲಕ್ಕೆ ಅಗತ್ಯ.

ವೋಲ್ಟಿಯದೂ ಇದೇ ಕತೆ, ಪರಿಣಾಮ ಇನ್ನೂ ಕೆಟ್ಟದ್ದು. ವೋಲ್ಟಿ ಇಲ್ಲದ 4ಜಿ ಫೋನು ಕರೆ ಬಂದಾಗ 2ಜಿಗೋ 3ಜಿಗೋ ಇಳಿದು ಮಾತಾಡಿಸುತ್ತದೆ. ಇಳಿಯಲು ಹಳೆಯ ನೆಟ್‌ವರ್ಕ್ ಇಲ್ಲದ, ಬರೀ 4ಜಿ ಇರುವ ಟವರಿನಡಿ ಅದೇ ಫೋನಿನಲ್ಲಿ ಯೂಟ್ಯೂಬ್ ಓಡುತ್ತದೆ, ಕರೆ ಮಾತ್ರ ಬರುವುದಿಲ್ಲ. ಜನ ಸಿಮ್ಮನ್ನು ಬೈಯುತ್ತಾರೆ. ಬಿಎಸ್‌ಎನ್‌ಎಲ್‌ನವರಾದರೆ ಮೊದಲು ಸಿಮ್ಮು 4ಜಿಯದ್ದೇ ಎಂದು ಖಚಿತಪಡಿಸಿಕೊಂಡು, ಹಳೆಯದಾದರೆ ಬದಲಾಯಿಸಿಕೊಳ್ಳಿ. ಅದಾದ ಮೇಲೂ ವೋಲ್ಟಿ ಸ್ವಿಚ್ ಕಾಣದಿದ್ದರೆ, ಅದೇ ಫೋನಿನಲ್ಲಿ ಜಿಯೊ ಅಥವಾ ಏರ್‌ಟೆಲ್ ಸಿಮ್ ಹಾಕಿ ನೋಡಿ. ಅವುಗಳಿಗೆ ವೋಲ್ಟಿ ಬಂದು ಬಿಎಸ್‌ಎನ್‌ಎಲ್‌ಗೆ ಬಾರದಿದ್ದರೆ ಚಿಪ್ಪಿಗೆ ಶಕ್ತಿಯಿದೆ, ಆ ಫೋನಿಗೆ ಬಿಎಸ್‌ಎನ್‌ಎಲ್ ಪ್ರೊಫೈಲ್ ಹಾಕಿಲ್ಲ ಎಂಬ ಸಾಧ್ಯತೆಯೇ ಹೆಚ್ಚು. ಅದನ್ನು ಹಾಕುವುದು ಯಾರ ಕೆಲಸ? ಫೋನ್ ಕಂಪನಿ ಟೆಲಿಕಾಂ ಕಡೆ ಬೆರಳು ತೋರಿಸುತ್ತದೆ, ಟೆಲಿಕಾಂ ಫೋನ್ ಕಂಪನಿಯ ಕಡೆ. ಪ್ರತಿ ಮಾಡೆಲನ್ನೂ ಪ್ರತಿ ನೆಟ್‌ವರ್ಕಿನ ಮೇಲೆ ಪರೀಕ್ಷಿಸಲು ಖರ್ಚಿದೆ. ಮಾರಾಟ ನಿಂತ ಮಾಡೆಲ್ ಮೇಲೆ ಆ ಖರ್ಚು ಮಾಡಲು ಇಬ್ಬರಿಗೂ ಇಷ್ಟವಿಲ್ಲ. ವಿಷಯ ಇಷ್ಟೇ.

ಕಂಪನಿಗಳ ಕಡೆಯ ನ್ಯಾಯವನ್ನೂ ಹೇಳಬೇಕು. ಬಿಎಸ್‌ಎನ್‌ಎಲ್‌ನ 4ಜಿ ಬಳಸುವ 700 ಮೆಗಾಹರ್ಟ್ಸ್, ಅಂದರೆ ಬ್ಯಾಂಡ್ 28 ಎಂಬ ತರಂಗಾಂತರ, ಫೋನಿನಲ್ಲಿ ಇಲ್ಲದಿದ್ದರೆ ಯಾವ ಅಪ್‌ಡೇಟೂ ಅದನ್ನು ತರಲಾರದು. ಅದಕ್ಕೆ ಬೇರೆ ಫಿಲ್ಟರ್, ಬೇರೆ ಆಂಪ್ಲಿಫೈಯರ್ ಬೋರ್ಡಿನ ಮೇಲೆ ಇರಬೇಕು. ಒಳನಾಡಿನವರು ಸೆಕೆಂಡ್‌ಹ್ಯಾಂಡ್ ಫೋನ್ ಕೊಳ್ಳುವ ಮೊದಲು ಬ್ಯಾಂಡ್ ಪಟ್ಟಿಯಲ್ಲಿ 28 ಇದೆಯೇ ನೋಡಲೇಬೇಕು. ಸಮುದ್ರಕ್ಕೆ ಹೋಗುವವರು ಕೇಳುವ ನಾವಿಕ್ (ಭಾರತದ್ದೇ ಆದ, ಜಿಪಿಎಸ್‌ನಂಥ ಉಪಗ್ರಹ ವ್ಯವಸ್ಥೆ) ಕೂಡ ಅರ್ಧಪಾಲು ಹೀಗೆಯೇ. ಎಲ್5 ಸಿಗ್ನಲ್ ಹಿಡಿಯುವ ಚಿಪ್ ಇಲ್ಲದ ಹಳೆಯ ಸೆಟ್ಟಿಗೆ ಅದು ಬಾರದು. ಆದರೆ 2020ರ ಜನವರಿಯಲ್ಲಿ ಕ್ವಾಲ್‌ಕಾಮ್ ನಾವಿಕ್ ಸಹಿತ ಪ್ರಕಟಿಸಿದ ಸ್ನ್ಯಾಪ್‌ಡ್ರ್ಯಾಗನ್ 720ಜಿಯಂಥ ಚಿಪ್ ಇದ್ದರೂ, ಫೋನ್ ಕಂಪನಿ ಅದನ್ನು ಸಾಫ್ಟ್‌ವೇರ್‌ನಲ್ಲಿ ತೆರೆದುಕೊಟ್ಟರೆ ಮಾತ್ರ ಉಪಯೋಗ.

ಈಗ ಎಲ್ಲರ ಬಾಯಲ್ಲಿರುವ ಎಐ. ಇಲ್ಲಿ ಮೆಮೊರಿಯ ಲೆಕ್ಕ ನಿಜವಾದದ್ದೇ. ಗೂಗಲ್‌ನ ಜೆಮಿನಿ ನ್ಯಾನೊ ಎಂಬ, ಫೋನಿನೊಳಗೇ ಓಡುವ ಎಐ ಮಾದರಿಯ ಮೊದಲ ಎರಡು ಗಾತ್ರಗಳು 180 ಕೋಟಿ ಮತ್ತು 325 ಕೋಟಿ ಪ್ಯಾರಾಮೀಟರ್‌ಗಳವು (ಮಾದರಿಯೊಳಗಿನ ಅಂಕಿಗಳು). ಒಂದೊಂದಕ್ಕೆ 4 ಬಿಟ್‌ನಂತೆ ಕುಗ್ಗಿಸಿದರೂ ದೊಡ್ಡದಕ್ಕೆ ಒಂದೂವರೆ ಜಿಬಿಗೂ ಹೆಚ್ಚು ರ‍್ಯಾಮ್ ಬೇಕು, ಅದೂ ಸದಾ ಕೈಗೆ ಸಿಗುವಂತೆ. 4 ಜಿಬಿ ಫೋನಿನಲ್ಲಿ ಅದನ್ನು ತುರುಕಿದರೆ ಉಳಿದ ಆ್ಯಪ್‌ಗಳೆಲ್ಲ ಹೊರಬೀಳುತ್ತವೆ, ಫೋನು ಹ್ಯಾಂಗ್ ಹೊಡೆಯುತ್ತದೆ. 2024ರ ಅಕ್ಟೋಬರಿನಲ್ಲಿ ಐಒಎಸ್ 18.1ರೊಂದಿಗೆ ಆ್ಯಪಲ್ ಇಂಟೆಲಿಜೆನ್ಸ್ ಬಂದಾಗ 8 ಜಿಬಿಯ ಐಫೋನ್ 15 ಪ್ರೊಗೆ ಸಿಕ್ಕಿ, ಒಂದೇ ದಿನ ಬಿಡುಗಡೆಯಾಗಿದ್ದ 6 ಜಿಬಿಯ ಐಫೋನ್ 15ಕ್ಕೆ ಸಿಗಲಿಲ್ಲ. ವರ್ಷವೊಂದರಲ್ಲೇ ಹಳತಾದ ಹೊಸ ಫೋನು! ಹೊಟ್ಟೆ ಉರಿಯುತ್ತದೆ, ಆದರೆ ಕಾರಣ ಪೂರ್ತಿ ಸುಳ್ಳಲ್ಲ.

ಪೂರ್ತಿ ನಿಜವೂ ಅಲ್ಲ ಎಂಬುದಕ್ಕೆ ಗೂಗಲ್‌ನದೇ ಫೋನು ಪಿಕ್ಸೆಲ್ 8 ಇದೆ. ಹಾರ್ಡ್‌ವೇರ್ ಮಿತಿಯಿಂದಾಗಿ ಈ ಫೋನಿಗೆ ಜೆಮಿನಿ ನ್ಯಾನೊ ಬರುವುದಿಲ್ಲ ಎಂಬ ಮಾತು 2024ರ ಮಾರ್ಚ್‌ನಲ್ಲಿ ಗೂಗಲ್ ಕಡೆಯಿಂದಲೇ ಬಂತು. ಅದರಲ್ಲಿದ್ದದ್ದು 8 ಜಿಬಿ, ಪ್ರೊದಲ್ಲಿ 12. ಚಿಪ್ ಎರಡರಲ್ಲೂ ಒಂದೇ. ಗ್ರಾಹಕರು ಗಲಾಟೆ ಎಬ್ಬಿಸಿದರು. ಅದೇ ತಿಂಗಳು ಮಾತು ಬದಲಾಯಿತು. ಜೂನ್‌ನಲ್ಲಿ ಡೆವಲಪರ್ ಆಯ್ಕೆಯ ರೂಪದಲ್ಲಿ ಸೌಲಭ್ಯ ಬಂದೇ ಬಂತು. ಬೋರ್ಡಿಗೆ ಯಾರೂ ಬೆಸುಗೆ ಹಾಕಲಿಲ್ಲ, ಚಿಪ್ ಬದಲಿಸಲಿಲ್ಲ. ಹಾಗಾದರೆ ಮಾರ್ಚ್‌ನ ‘ಹಾರ್ಡ್‌ವೇರ್ ಮಿತಿ’ ಜೂನ್ ಹೊತ್ತಿಗೆ ಎಲ್ಲಿ ಹೋಯಿತು?

ಇದು ಹಳೆಯ ಚಾಳಿ. ಸಿರಿ ಎಂಬ ಮಾತಿನ ಸಹಾಯಕ 2010ರಲ್ಲಿ ಒಂದು ಸಾದಾ ಆ್ಯಪ್ ಆಗಿ ಐಫೋನ್ 3ಜಿಎಸ್‌ನಲ್ಲೇ ಓಡುತ್ತಿತ್ತು. ಆ್ಯಪಲ್ ಅದನ್ನು ಕೊಂಡುಕೊಂಡು 2011ರಲ್ಲಿ ಐಫೋನ್ 4ಎಸ್‌ನ ವಿಶೇಷವೆಂದು ಮಾರಿತು. ಐಫೋನ್ 4ಕ್ಕೂ ಕೊಡಲಿಲ್ಲ, ಹಳೆಯ ಆ್ಯಪನ್ನೂ ನಿಲ್ಲಿಸಿತು. 2023ರಲ್ಲಿ ಬ್ಯಾಟರಿಯನ್ನು ಶೇ 80ಕ್ಕೆ ನಿಲ್ಲಿಸುವ ಆಯ್ಕೆ ಐಫೋನ್ 15ಕ್ಕೆ ಬಂತು, 14ಕ್ಕೆ ಇಲ್ಲ. ರಿಪೇರಿ ಮಾಡುವವರ ಕಣ್ಣಿಗೆ ಇದು ತಲೆಕೆಳಗಾದ ನ್ಯಾಯ. ಲಿಥಿಯಂ ಬ್ಯಾಟರಿ ಬೇಗ ಸಾಯುವುದು ಪೂರ್ತಿ ತುಂಬಿದ ಸ್ಥಿತಿಯಲ್ಲಿ ಬಿಸಿಯಾಗಿ ಕೂತಾಗ. ರಾತ್ರಿಯಿಡೀ ಚಾರ್ಜಿಗೆ ಹಾಕಿಟ್ಟ ಫೋನುಗಳ ಬ್ಯಾಟರಿ ಉಬ್ಬಿ ಡಿಸ್ಪ್ಲೇ ಎತ್ತಿಕೊಂಡು ಬರುವುದು ಕರಾವಳಿಯ ಸೆಕೆಯಲ್ಲಿ ಹೊಸದೇನಲ್ಲ. ಶೇ 80ರ ಮಿತಿ ಯಾರಿಗಾದರೂ ಬೇಕಿದ್ದರೆ ಅದು ಹಳೆಯ ಬ್ಯಾಟರಿಯವರಿಗೇ. ಚಾರ್ಜಿಂಗ್ ನಿಲ್ಲಿಸುವ ಸರ್ಕ್ಯೂಟ್ ಪ್ರತಿ ಫೋನಿನಲ್ಲೂ ಇದೆ. ಸ್ಯಾಮ್‌ಸಂಗ್ ಶೇ 85ರ ಮಿತಿಯನ್ನು ಇದಕ್ಕೂ ಮುಂಚೆ ಸಾಫ್ಟ್‌ವೇರ್‌ನಿಂದಲೇ ಕೊಟ್ಟಿತ್ತಲ್ಲ!

ಹಳೆಯ ಫೋನಿಗೆ ಕೊಡಲು ಆಗುವುದೇ ಇಲ್ಲ ಎನ್ನುವವರಿಗೆ ಒಂದು ಉತ್ತರ: ಗೂಗಲ್‌ನ ಭೂಕಂಪ ಎಚ್ಚರಿಕೆ 2023ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಬಂದಾಗ ಆಂಡ್ರಾಯ್ಡ್ 5ರ ಫೋನಿಗೂ ಬಂತು. ಅದು 2014ರ ಆವೃತ್ತಿ! ಆಂಡ್ರಾಯ್ಡ್ ಒಳಗೆ ಹೊಲಿಯದೆ, ಬೇರೆಯಾಗಿಯೇ ಅಪ್‌ಡೇಟ್ ಆಗುವ ಗೂಗಲ್ ಪ್ಲೇ ಸರ್ವಿಸಸ್ ಮೂಲಕ ಕಳಿಸಿದ್ದರಿಂದ ಇದು ಸಾಧ್ಯವಾಯಿತು. ಸೌಲಭ್ಯವನ್ನು ಆ್ಯಪ್ ಆಗಿ ಕಟ್ಟಬೇಕೋ, ಹೊಸ ಆವೃತ್ತಿಯೊಳಗೆ ಬಂಧಿಸಬೇಕೋ ಎಂಬುದು ಕಟ್ಟುವವರ ತೀರ್ಮಾನ.

ಇನ್ನು ಪೂರ್ತಿ ಹೊಸ ಆಂಡ್ರಾಯ್ಡ್ ಆವೃತ್ತಿ ಬೇಕೆಂದರೆ ನಡುವೆ ಚಿಪ್ ಕಂಪನಿ ಬರುತ್ತದೆ. ಕ್ವಾಲ್‌ಕಾಮ್, ಮೀಡಿಯಾಟೆಕ್ ಆ ಚಿಪ್ಪಿಗೆ ಡ್ರೈವರ್ (ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್) ಕೊಡುವುದು ನಿಲ್ಲಿಸಿದರೆ ಫೋನ್ ಕಂಪನಿಯ ಕೈಯೂ ಕಟ್ಟಿದಂತೆ. 2017ರ ಆಂಡ್ರಾಯ್ಡ್ 8ರಲ್ಲಿ ಬಂದ, ಆಂಡ್ರಾಯ್ಡನ್ನೂ ಚಿಪ್ಪಿನ ಡ್ರೈವರನ್ನೂ ಬೇರ್ಪಡಿಸುವ ಟ್ರೆಬಲ್ ವ್ಯವಸ್ಥೆ ಈ ಗಂಟನ್ನು ಸಡಿಲಿಸಿತು, ಬಿಡಿಸಲಿಲ್ಲ. ಅಲ್ಲದೆ ಎಲ್ಲ ಅಪ್‌ಡೇಟೂ ಒಳ್ಳೆಯದಲ್ಲ. 2 ಜಿಬಿ ರ‍್ಯಾಮ್, ಸವೆದ ಇಎಂಎಂಸಿ ಸ್ಟೋರೇಜ್‌ನ ಫೋನಿಗೆ ದೊಡ್ಡ ಆವೃತ್ತಿ ಹಾಕಿಸಿ ಕೈ ಸುಟ್ಟುಕೊಂಡವರಿದ್ದಾರೆ. ಹಳೆಯ ಫೋನುಗಳು ಅಪ್‌ಡೇಟ್‌ನಿಂದ ನಿಧಾನವಾದವೆಂದು 2018ರಲ್ಲಿ ಇಟಲಿ ಆ್ಯಪಲ್‌ಗೆ 1 ಕೋಟಿ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೊ ದಂಡ ಹಾಕಿತ್ತು. ಆದ್ದರಿಂದ ನಾವು ಕೇಳುವುದು ‘ಎಲ್ಲವೂ ಎಲ್ಲಕ್ಕೂ’ ಎಂದಲ್ಲ. ಭದ್ರತಾ ಪ್ಯಾಚ್ (ಸುರಕ್ಷತೆಯ ಲೋಪ ಮುಚ್ಚುವ ಸಣ್ಣ ಅಪ್‌ಡೇಟ್), ಕರೆಗೆ ಸಂಬಂಧಿಸಿದ ಪ್ರೊಫೈಲ್, ಬ್ಯಾಟರಿ ಉಳಿಸುವ ಆಯ್ಕೆ: ಈ ಮೂರಕ್ಕೆ ರ‍್ಯಾಮ್‌ನ ನೆಪ ನಡೆಯುವುದಿಲ್ಲ.

ಕೊಳ್ಳುವವರು ಗಮನಿಸದ ಒಂದು ಮೋಸದ ಲೆಕ್ಕವಿದೆ. ‘4 ವರ್ಷ ಅಪ್‌ಡೇಟ್’ ಎಂದರೆ ನೀವು ಕೊಂಡ ದಿನದಿಂದಲ್ಲ, ಸಾಮಾನ್ಯವಾಗಿ ಆ ಮಾಡೆಲ್ ಬಿಡುಗಡೆಯಾದ ದಿನದಿಂದ. ಎರಡು ವರ್ಷ ಹಿಂದಿನ ಮಾಡೆಲನ್ನು ಚೌತಿಗೋ ದೀಪಾವಳಿಗೋ ಆಫರಿನಲ್ಲಿ ಕೊಂಡರೆ ಅರ್ಧ ಆಯುಷ್ಯ ಗೋದಾಮಿನಲ್ಲೇ ಕಳೆದಿದೆ. ಅಂಗಡಿಯಲ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ‘ಅಬೌಟ್ ಫೋನ್’ ತೆರೆದು ಆಂಡ್ರಾಯ್ಡ್ ಆವೃತ್ತಿ ಮತ್ತು ಸೆಕ್ಯುರಿಟಿ ಪ್ಯಾಚ್ ದಿನಾಂಕ ನೋಡಿ. ಅಪ್‌ಡೇಟ್ ಹಾಕಿದ ಮೇಲೂ ಪ್ಯಾಚ್ ವರ್ಷದ ಹಿಂದಿನದಾಗಿದ್ದರೆ ಆ ಫೋನನ್ನು ಕಂಪನಿ ಆಗಲೇ ಕೈಬಿಟ್ಟಿರುವ ಸಾಧ್ಯತೆಯೇ ಹೆಚ್ಚು. ಮನೆಯಲ್ಲಿರುವ ಫೋನಿಗೆ ಅಪ್‌ಡೇಟ್ ಬಂದೂ ಇಳಿಯದಿದ್ದರೆ ಮೊದಲು ಜಾಗ ನೋಡಿ. 4–5 ಜಿಬಿ ಖಾಲಿ ಇಲ್ಲದಿದ್ದರೆ ಅರ್ಧಕ್ಕೆ ನಿಲ್ಲುತ್ತದೆ. ಬಹಳ ಸಲ ಜಾಗ ತಿಂದಿರುವುದು ವಾಟ್ಸ್‌ಆ್ಯಪ್‌ನ ಶುಭೋದಯದ ವಿಡಿಯೊಗಳು.

‘ಬೇರೆ ಸಾಫ್ಟ್‌ವೇರ್ ಹೊಡೆಸಿದರೆ ಎಲ್ಲ ಬರುತ್ತದಂತೆ’ ಎಂದು ಲಿನಿಯೇಜ್‌ಒಎಸ್‌ನಂಥ, ಆಂಡ್ರಾಯ್ಡ್ ಆಧರಿಸಿದ ಹೊರಗಿನ ಸಾಫ್ಟ್‌ವೇರ್‌ಗಳನ್ನು ಕೇಳಿಕೊಂಡು ಬರುವ ಹುಡುಗರಿಗೆ ಎಚ್ಚರಿಕೆ. ಅದಕ್ಕಾಗಿ ಬೂಟ್‌ಲೋಡರ್ (ಫೋನು ಆನ್ ಆಗುವಾಗ ಯಾವ ಸಾಫ್ಟ್‌ವೇರ್ ಓಡಬೇಕೆಂದು ಕಾಯುವ ಭಾಗ) ಅನ್‌ಲಾಕ್ ಮಾಡಿದರೆ ಫೋನಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಆಮೇಲೆ ಫೋನಿನ ಪ್ರಾಮಾಣಿಕತೆ ಪರೀಕ್ಷಿಸುವ ಗೂಗಲ್ ವ್ಯವಸ್ಥೆಯಲ್ಲಿ ಅದು ಪಾಸಾಗುವುದು ಕಷ್ಟ. ಬ್ಯಾಂಕ್ ಆ್ಯಪ್, ಯುಪಿಐ ಆ್ಯಪ್ ತೆರೆಯದೇ ಇರಬಹುದು. ಸ್ಯಾಮ್‌ಸಂಗ್‌ನಲ್ಲಿ ನಾಕ್ಸ್ ಎಂಬ ಭದ್ರತಾ ವ್ಯವಸ್ಥೆಯ ಫ್ಯೂಸ್ ಒಮ್ಮೆ ಹಾರಿದರೆ ಹಿಂದಕ್ಕೆ ಬಾರದು. ಅದರ ಮೇಲೆ ವೋಲ್ಟಿಯೂ ಹೋಗಬಹುದು, ಏಕೆಂದರೆ ಆ ಭಾಗ ಕಂಪನಿಯ ಸ್ವಂತದ್ದು. ಒಂದು ಸೌಲಭ್ಯಕ್ಕಾಗಿ ಕರೆಯನ್ನೇ ಕಳೆದುಕೊಳ್ಳುವ ವ್ಯಾಪಾರ. ಪೇಟೆಯಲ್ಲಿ ಎರಡನೇ ಫೋನು ಇದ್ದವರು ಮಾಡಿಕೊಳ್ಳಲಿ, ಇರುವುದೊಂದೇ ಫೋನಿನವರು ಬೇಡ.

ಕಾನೂನಿನಿಂದ ಇದು ಆಗುತ್ತದೆಯೇ ಎಂದರೆ ಬೇರೆ ಕಡೆ ಆಗಿದೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಭದ್ರತಾ ಅಪ್‌ಡೇಟ್ ಕನಿಷ್ಠ ಎಲ್ಲಿಯವರೆಗೆ ಕೊಡುತ್ತೇವೆಂದು ತಯಾರಕರು ಬಹಿರಂಗವಾಗಿ ಹೇಳಬೇಕು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಫೋನುಗಳಿಗೆ, ಮಾಡೆಲ್ ಮಾರಾಟ ನಿಂತ ದಿನದಿಂದ ಲೆಕ್ಕ ಹಾಕಿ ಕನಿಷ್ಠ 5 ವರ್ಷ ಆಪರೇಟಿಂಗ್ ಸಿಸ್ಟಂ ಅಪ್‌ಡೇಟ್‌ಗಳ ನಿಯಮವಿದೆ. ಬಿಡುಗಡೆಯ ದಿನದಿಂದಲ್ಲ, ಮಾರಾಟ ನಿಂತ ದಿನದಿಂದ. ಗೋದಾಮಿನ ಲೆಕ್ಕಕ್ಕೆ ಅಲ್ಲಿ ಬೆಲೆಯಿಲ್ಲ. ನಮ್ಮಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರ್ 24ರಂದು ದುರಸ್ತಿ ಹಕ್ಕಿನ ಪೋರ್ಟಲ್ ತೆರೆದಿದೆ. ಮೊಬೈಲ್‌ಗಳಿಗೆ ‘ದುರಸ್ತಿ ಸೂಚ್ಯಂಕ’ ರೂಪಿಸಲು ನೇಮಿಸಿದ ಸಮಿತಿ 2025ರಲ್ಲಿ ಕೊಟ್ಟ ವರದಿಯ ಅಳತೆಗೋಲುಗಳಲ್ಲಿ ಬಿಡಿಭಾಗಗಳ ಜೊತೆ ಸಾಫ್ಟ್‌ವೇರ್ ಅಪ್‌ಡೇಟ್ ಕೂಡ ಸೇರಿದೆ.

ಆ ಸೂಚ್ಯಂಕ ಬರೀ ಅಂಕವಾಗಿ ಬಂದರೆ ಪ್ರಯೋಜನ ಕಡಿಮೆ. ಪೆಟ್ಟಿಗೆಯ ಮೇಲೆ ಬೆಲೆ ಅಚ್ಚಾಗುವ ಜಾಗದಲ್ಲೇ ಭದ್ರತಾ ಅಪ್‌ಡೇಟ್ ಮುಗಿಯುವ ತಿಂಗಳು, ವರ್ಷ ಅಚ್ಚಾಗಬೇಕು. ಯಾವ ಟೆಲಿಕಾಂ ಕಂಪನಿಯ ವೋಲ್ಟಿ, ವೈಫೈ ಕಾಲಿಂಗ್ ಆ ಮಾಡೆಲ್‌ನಲ್ಲಿ ನಡೆಯುತ್ತದೆ ಎಂಬ ಪಟ್ಟಿಗೆ ಫೋನ್ ಕಂಪನಿ ಮತ್ತು ಟೆಲಿಕಾಂ ಕಂಪನಿ ಇಬ್ಬರೂ ಸಹಿ ಹಾಕಬೇಕು. ಆಗ ಬೆರಳು ತೋರಿಸುವ ಆಟ ನಿಲ್ಲುತ್ತದೆ. ಸೌಲಭ್ಯ ನಿರಾಕರಿಸಿದರೆ ಯಾವ ಬಿಡಿಭಾಗ ಇಲ್ಲದ್ದರಿಂದ ಎಂದು ಹೆಸರಿಸಿ ಹೇಳಬೇಕು. ಅಪ್‌ಡೇಟ್ ನಿಲ್ಲಿಸಿದ ದಿನ ಬೂಟ್‌ಲೋಡರ್ ಬೀಗದ ಕೈಯನ್ನು ಮಾಲೀಕರಿಗೇ ಕೊಡಬೇಕು.

ಅಲ್ಲಿಯವರೆಗೆ, ಜಾಹೀರಾತಿನಲ್ಲಿ ಇದೆ ಎಂದು ಹೇಳಿದ ಸೌಲಭ್ಯ ಅಥವಾ ಭರವಸೆ ಕೊಟ್ಟ ಅಪ್‌ಡೇಟ್ ಸಿಗದಿದ್ದವರು ಬಿಲ್ಲು, ಪೆಟ್ಟಿಗೆಯ ಫೋಟೊ, ಜಾಹೀರಾತಿನ ಸ್ಕ್ರೀನ್‌ಶಾಟ್, ಸೆಕ್ಯುರಿಟಿ ಪ್ಯಾಚ್ ದಿನಾಂಕ ಕಾಣುವ ಸ್ಕ್ರೀನ್‌ಶಾಟ್ ಇಷ್ಟನ್ನು ಜೋಡಿಸಿಟ್ಟುಕೊಂಡು ಮೊದಲು ಕಂಪನಿಗೆ ಇಮೇಲ್‌ನಲ್ಲೇ ಕೇಳಬೇಕು. ಫೋನಿನಲ್ಲಿ ಆಡಿದ ಮಾತಿಗೆ ದಾಖಲೆ ಇರುವುದಿಲ್ಲ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ದೂರಿನ ಶುಲ್ಕವಿಲ್ಲ, ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು, ಆನ್‌ಲೈನ್‌ನಲ್ಲೂ ಕೊಡಬಹುದು.

– ಮೊಬೈಲ್ ದುರಸ್ತಿ ವೃತ್ತಿಯವರು, ಶಿರಸಿ ಮತ್ತು ಕುಮಟಾ